ಚಿತ್ರದಲ್ಲಿ ಬಿದ್ದ ನಮ್ಮ ನೆರಳು



ಕೆಲವು ಸಂಚಿಕೆಗಳ ಹಿಂದೆ ನಮ್ಮ ಪತ್ರಿಕೆಯ ಮುಖಪುಟದಲ್ಲಿ ಒಂದು ಹಕ್ಕಿಯ ಚಿತ್ರ ಅಚ್ಚಾಗಿತ್ತು. ಟೇಕಲ್ ಬೆಟ್ಟಸಾಲಿನ ಬುಡದಲ್ಲಿರುವ ಕೆರೆಯಂಗಳವೊಂದರಲ್ಲಿ, ಬಿರುಕುಬಿಟ್ಟ ಮಣ್ಣಿನ ಮೇಲೆ, ಕೆಂಪು ಟಿಟ್ಟಿಭವೊಂದು ಎರಡೂ ರೆಕ್ಕೆಗಳನ್ನು ಬಿಚ್ಚಿ, ಕೊಕ್ಕನ್ನು ತೆರೆದು ನಿಂತಿದ್ದ ಚಿತ್ರ ಅದು. ತೆಗೆದವರು ನಮ್ಮ ಬಳಗದವರೇ. ‘ಬೇಸಿಗೆಯ ನರ್ತನ’ ಎಂದು ಅಡಿಬರಹವನ್ನೂ ಕೊಟ್ಟಿದ್ದೆವು. ಅನೇಕರು ಮೆಚ್ಚಿಕೊಂಡರು, ಒಂದು ಶಾಲೆಯವರು ಆ ಪುಟವನ್ನು ಗೋಡೆಗೆ ಅಂಟಿಸಿದ್ದಾರೆಂದೂ ತಿಳಿಯಿತು.

ಅದರ ಮುಂದಿನ ಸಭೆಗೆ ಹಿರಿಯರೊಬ್ಬರು ಬಂದಿದ್ದರು. ಬಾಲ್ಯದಿಂದಲೂ ಅದೇ ಕೆರೆಯಂಗಳದಲ್ಲಿ ದನ ಮೇಯಿಸಿದವರು. ಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿ ಹೇಳಿದರು: “ಸಾಮಿ, ಇದು ಕುಣೀತಾ ಇಲ್ಲ. ಮೊಟ್ಟೆ ಮ್ಯಾಲಿಂದ ಎದ್ದು ನಿಮ್ಮನ್ನ ಬೈತಾ ಐತೆ.”

ಸಭೆಯಲ್ಲಿ ಕೆಲಕಾಲ ಯಾರೂ ಮಾತನಾಡಲಿಲ್ಲ. ಚಿತ್ರ ತೆಗೆದ ಗೆಳೆಯರು ಆಮೇಲೆ ತಾವಾಗಿಯೇ ವಿವರ ಹೇಳಿದರು. ಏಪ್ರಿಲ್ ತಿಂಗಳ ಮಧ್ಯಾಹ್ನ, ಬೆಳಕು ಪ್ರಖರವಾಗಿದ್ದ ವೇಳೆ. ಹಕ್ಕಿ ಹತ್ತಿರದಲ್ಲೇ ಸುಳಿದಾಡುತ್ತಿದ್ದುದರಿಂದ ಅರ್ಧ ಗಂಟೆಗೂ ಮೀರಿ ಅಲ್ಲೇ ನಿಂತಿದ್ದರು. ನೆಲದ ಮೇಲೆ ನಾಲ್ಕು ಮೊಟ್ಟೆಗಳಿದ್ದುದು ಅವರ ಕಣ್ಣಿಗೆ ಬಿದ್ದದ್ದು ಹೊರಡುವಾಗ. ಎರಡು ದಿನ ಕಳೆದು ಮತ್ತೆ ಹೋದಾಗ ಮೊಟ್ಟೆಗಳಿರಲಿಲ್ಲ. ಕಾಗೆ ಒಯ್ದಿತೋ, ನಾಯಿ ತಿಂದಿತೋ, ಬಿಸಿಲಿಗೆ ಕೆಟ್ಟ ಮೇಲೆ ಮತ್ತಾವುದೋ ಪ್ರಾಣಿಯ ಪಾಲಾದವೋ ನಾವು ಹೇಳಲಾರೆವು. ಅದಕ್ಕೆ ಕಾರಣ ನಾವಲ್ಲ ಎಂದೂ ಹೇಳಲಾರೆವು.

ಈ ಸಂಪಾದಕೀಯವನ್ನು ಬರೆಯಬೇಕಾಗಿ ಬಂದದ್ದು ಆ ಚಿತ್ರದಿಂದ. ಇಂದು ನಮ್ಮ ಹಳ್ಳಿಗಳಲ್ಲೂ ಕ್ಯಾಮೆರಾ ಅಪರೂಪದ ವಸ್ತುವಲ್ಲ. ಕಾಲೇಜು ವಿದ್ಯಾರ್ಥಿಗಳು ಹಕ್ಕಿಗಳ ಬೆನ್ನು ಹತ್ತಿ ಕೆರೆಗಳಿಗೆ ಹೋಗುತ್ತಿರುವುದು ಸಂತೋಷದ ಸಂಗತಿ. ಅವರನ್ನು ತಡೆಯುವುದು ನಮ್ಮ ಉದ್ದೇಶವಲ್ಲ. ಹಕ್ಕಿಯ ನಡವಳಿಕೆಯ ಚಿತ್ರವೆಂದರೆ, ನಾವಿಲ್ಲದಾಗ ಅದು ಹೇಗೆ ಬದುಕುತ್ತದೆಯೋ ಅದರ ಚಿತ್ರ. ನಮಗೆ ಹೆದರಿದ ಹಕ್ಕಿಯ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದರಲ್ಲಿರುವುದು ನಮ್ಮ ನೆರಳು ಮಾತ್ರ. ಈ ಒಂದು ಮಾತನ್ನು ಎಲ್ಲರ ಮುಂದಿಡುವುದು ನಮ್ಮ ಉದ್ದೇಶ.

ಕಡಲಿಲ್ಲದ ಸೀಮೆಯ ತೀರ

ಕೋಲಾರ ಜಿಲ್ಲೆಗೆ ಕಡಲಿಲ್ಲ. ಸ್ವಂತ ನೀರಿನಿಂದ ವರ್ಷವಿಡೀ ಹರಿಯುವ ನದಿಯೂ ಇಲ್ಲ. ಆದ್ದರಿಂದಲೇ ನಮ್ಮ ಪೂರ್ವಿಕರು ಬಂಡೆಗುಡ್ಡಗಳಿಂದ ಇಳಿಯುವ ಮಳೆನೀರನ್ನು ಸಾಲುಸಾಲು ಕೆರೆಗಳಲ್ಲಿ ಹಿಡಿದಿಟ್ಟರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಏರಿ, ತೂಬು, ಕೋಡಿ, ರಾಜಕಾಲುವೆ, ಅಚ್ಚುಕಟ್ಟು, ಇವೆಲ್ಲವನ್ನೂ ನೋಡಿಕೊಳ್ಳುವ ನೀರಗಂಟಿ: ಇದು ಟೇಕಲ್, ಮಾಸ್ತಿ, ಲಕ್ಕೂರು ಹೋಬಳಿಗಳ ಯಾವ ಹಳ್ಳಿಗೂ ಹೊಸದಲ್ಲ.

ಈ ಕೆರೆಗಳ ಒಂದು ಭಾಗವನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿದಿಲ್ಲ. ಅದು ನೀರೂ ಅಲ್ಲದ, ಒಣನೆಲವೂ ಅಲ್ಲದ ಅಂಚು. ನೀರು ಇಳಿಯುತ್ತ ಹೋದಂತೆ ಏರಿಯ ಎದುರು ದಿಕ್ಕಿನಲ್ಲಿ ಕೆಸರಿನ ಒಂದು ಪಟ್ಟಿ ಮೇಲೇಳುತ್ತದೆ. ಕಾಲಿಟ್ಟರೆ ಕಣಕಾಲಿನವರೆಗೆ ಹೂತುಹೋಗುವ ಆ ಕೆಸರಿನಲ್ಲಿ ಹುಳುಗಳು, ಸೊಳ್ಳೆಜಾತಿಯ ಮರಿಗಳು, ಸಣ್ಣ ಬಸವನಹುಳುಗಳು ತುಂಬಿರುತ್ತವೆ. ತೀರದ ಹಕ್ಕಿಗಳೆಂದು ಕರೆಯಲಾಗುವ ಹಕ್ಕಿಗಳ ಊಟದ ಎಲೆ ಇದೇ. ತೀರವೆಂದರೆ ಕಡಲತೀರವೇ ಆಗಬೇಕಿಲ್ಲ. ಮಾಲೂರಿನ ಕೆರೆಯಂಚೂ ತೀರವೇ.

ಈ ಹಕ್ಕಿಗಳಲ್ಲಿ ಕೆಲವು ನಮ್ಮ ಊರಿನವೇ. ಹಗಲಿರುಳೆನ್ನದೆ ಕೂಗಿ ಎಚ್ಚರಿಸುವ ಕೆಂಪು ಟಿಟ್ಟಿಭ, ಒಣಬಯಲನ್ನು ಮೆಚ್ಚುವ ಹಳದಿ ಟಿಟ್ಟಿಭ, ಗುಲಾಬಿ ಬಣ್ಣದ ನೀಳ ಕಾಲುಗಳ ಮೆಟ್ಟುಗಾಲು ಹಕ್ಕಿ, ತಾವರೆ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿ, ಜೊಂಡಿನಲ್ಲಿ ಅಡಗಿರುವ ಬಣ್ಣದ ಉಲ್ಲಂಗಿ ಇಲ್ಲಿಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಉಳಿದವು ಅತಿಥಿಗಳು. ಆಗಸ್ಟ್ ತಿಂಗಳಿನಿಂದ ಬರತೊಡಗಿ ಏಪ್ರಿಲ್ ಹೊತ್ತಿಗೆ ಬಹುಪಾಲು ಹಿಂತಿರುಗುವ ಗದ್ದೆ ಗೊರವ, ವುಡ್ ಸ್ಯಾಂಡ್‌ಪೈಪರ್, ಲಿಟಲ್ ಸ್ಟಿಂಟ್ ಮೊದಲಾದವು ಆ ಗುಂಪಿನವು. ಲಿಟಲ್ ಸ್ಟಿಂಟ್‌ನ ತೂಕ ಸುಮಾರು 25 ಗ್ರಾಂ, ಅಂದರೆ ಒಂದು ಹಿಡಿ ರಾಗಿಗಿಂತ ಹೆಚ್ಚಿಲ್ಲ. ಅದು ಹುಟ್ಟುವುದು ಉತ್ತರ ಧ್ರುವಕ್ಕೆ ಸಮೀಪದ ಮರಗಳಿಲ್ಲದ ಬಯಲಿನಲ್ಲಿ. ಚಳಿಗಾಲ ಕಳೆಯುವುದು ನಮ್ಮ ಕೆರೆಯ ಕೆಸರಿನಲ್ಲಿ.

ಇಂತಹ ಪಯಣದ ಕಷ್ಟವನ್ನು ತಿಳಿಯಲು ಇದೇ ವರ್ಗದ ಇನ್ನೊಂದು ಹಕ್ಕಿಯನ್ನು ನೋಡಬಹುದು. 2022ರಲ್ಲಿ ಉಪಗ್ರಹ ಸಂಜ್ಞಾಯಂತ್ರವನ್ನು ಹೊತ್ತ ಬಾರ್-ಟೇಲ್ಡ್ ಗಾಡ್‌ವಿಟ್ ಮರಿಯೊಂದು ಅಲಾಸ್ಕದಿಂದ ಹೊರಟು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪವನ್ನು ಮುಟ್ಟಿತು. ಇಂತಹ ಪ್ರಯಾಣಕ್ಕೆ ಬೇಕಾದ ಇಂಧನವೆಲ್ಲ ಹೊರಡುವ ಮುನ್ನ ಮೈಯಲ್ಲಿ ಕೂಡಿಟ್ಟ ಕೊಬ್ಬು. ನಮ್ಮ ಕೆರೆಯ ಪುಟ್ಟ ಅತಿಥಿಗಳು ಅಷ್ಟು ದೂರವನ್ನು ಒಂದೇ ಉಸಿರಿಗೆ ಹಾರದಿರಬಹುದು. ಆದರೂ ಮಾರ್ಚ್ ತಿಂಗಳಲ್ಲಿ ಅವು ತಲೆಯೆತ್ತದೆ ತಿನ್ನುವುದು ಇದೇ ಕಾರಣಕ್ಕೆ. ಆ ದಿನಗಳಲ್ಲಿ ಅವನ್ನು ಪದೇಪದೇ ಎಬ್ಬಿಸಿದರೆ ಎರಡು ನಷ್ಟ: ತಿನ್ನುವ ಹೊತ್ತು ಕಳೆಯುತ್ತದೆ, ಕೂಡಿಟ್ಟ ಕೊಬ್ಬೂ ಕರಗುತ್ತದೆ. ‘ಹಾರುವ ಹಿಂಡಿನ’ ಚಿತ್ರಕ್ಕಾಗಿ ಕಲ್ಲೆಸೆಯುವವರು, ಚಪ್ಪಾಳೆ ತಟ್ಟುವವರು ಈ ಲೆಕ್ಕವನ್ನು ಅರಿಯಬೇಕು.

ನಡವಳಿಕೆಯನ್ನು ಓದುವುದು

ಚಿತ್ರ ತೆಗೆಯುವ ಮೊದಲು ನೋಡುವುದನ್ನು ಕಲಿಯಬೇಕು. ಹಾಗೆ ನೋಡಲು ಕಲಿಯುವವರಿಗೆ ಈ ಹಕ್ಕಿಗಳಷ್ಟು ಒಳ್ಳೆಯ ಗುರುಗಳು ಕಡಿಮೆ. ಅವು ಬಯಲಿನಲ್ಲಿರುತ್ತವೆ, ಎಲೆಯ ಮರೆಯಿಲ್ಲ.

ಕೊರಳಿಗೆ ಕಪ್ಪು ಪಟ್ಟಿಯಿರುವ ಪುಟ್ಟ ಪ್ಲವರ್ ಹಕ್ಕಿಯನ್ನು ಗಮನಿಸಿ. ನಾಲ್ಕು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ಅದು ಬೇಟೆಯನ್ನು ಕಣ್ಣಿನಿಂದ ಹುಡುಕುವ ಹಕ್ಕಿ. ನಿಂತಾಗಲೇ ಅದಕ್ಕೆ ಹುಳುವಿನ ಅಲುಗಾಟ ಕಾಣುವುದು. ಕೆಲವೊಮ್ಮೆ ಒಂದು ಕಾಲನ್ನು ಮುಂದಿಟ್ಟು ಹಸಿ ಮಣ್ಣಿನ ಮೇಲೆ ನಡುಗಿಸುತ್ತದೆ. ಒಳಗಿದ್ದ ಹುಳು ಅಲುಗಿ ಸುಳಿವು ಕೊಡುತ್ತದೆ. ಸ್ಟಿಂಟ್‌ನ ಕ್ರಮ ಬೇರೆ. ಹೊಲಿಗೆಯಂತ್ರದ ಸೂಜಿಯಂತೆ ಕೆಸರಿನ ಮೇಲ್ಪದರವನ್ನು ಬಿಡುವಿಲ್ಲದೆ ಚುಚ್ಚುತ್ತ ಸಾಗುತ್ತದೆ. ಉಲ್ಲಂಗಿಯ ಉದ್ದ ಕೊಕ್ಕು ಮಣ್ಣಿನ ಆಳಕ್ಕಿಳಿದು, ತುದಿಯ ಸ್ಪರ್ಶದಿಂದಲೇ ಆಹಾರವನ್ನು ಪತ್ತೆಹಚ್ಚುತ್ತದೆ. ಗದ್ದೆ ಗೊರವ ನಿಂತಲ್ಲಿಯೇ ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತಿರುತ್ತದೆ. ಮೆಟ್ಟುಗಾಲು ಹಕ್ಕಿ ಇತರ ಪುಟ್ಟ ಹಕ್ಕಿಗಳು ಇಳಿಯಲಾರದ ನೀರಿನಲ್ಲಿ ನಿಂತು ಮೇಯುತ್ತದೆ. ಒಂದೇ ಕೆರೆಯಂಚಿನಲ್ಲಿ ಐದು ಬಗೆಯ ಹಕ್ಕಿಗಳು ಜಗಳವಿಲ್ಲದೆ ಉಣ್ಣುವುದರ ಗುಟ್ಟು ಕಾಲಿನ ಎತ್ತರದಲ್ಲೂ ಕೊಕ್ಕಿನ ಉದ್ದದಲ್ಲೂ ಇದೆ. ಇದನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಿದ ಚಿತ್ರ, ಕಣ್ಣಿನ ಹೊಳಪನ್ನು ಮಾತ್ರ ಹಿಡಿದ ಹತ್ತು ಚಿತ್ರಗಳಿಗಿಂತ ಹೆಚ್ಚನ್ನು ಕಲಿಸುತ್ತದೆ.

ಅಡಿಬರಹಕ್ಕೂ ಅರಿವು ಬೇಕು. ಮೊಟ್ಟೆಯ ಮೇಲೆ ಕೂತ ಹಕ್ಕಿಯನ್ನು ಕಂಡೊಡನೆ ‘ತಾಯಿ’ ಎಂದು ಬರೆಯುವುದು ನಮ್ಮ ರೂಢಿ. ಟಿಟ್ಟಿಭದಲ್ಲಿ ಗಂಡು ಹೆಣ್ಣು ಎರಡೂ ಸರದಿಯಂತೆ ಕಾವು ಕೊಡುತ್ತವೆ. ದೇವನಕ್ಕಿ ಮತ್ತು ಬಣ್ಣದ ಉಲ್ಲಂಗಿಗಳಲ್ಲಂತೂ ಕಾವು ಕೊಡುವುದು, ಮರಿ ಸಾಕುವುದು ಗಂಡಿನ ಕೆಲಸ. ಬಣ್ಣದ ಉಲ್ಲಂಗಿಯಲ್ಲಿ ಹೆಚ್ಚು ಬಣ್ಣವಿರುವುದು ಹೆಣ್ಣಿಗೆ. ನಮ್ಮ ಮನೆಯ ಕಥೆಯನ್ನು ಹಕ್ಕಿಯ ಮೇಲೆ ಹೊರಿಸಿದರೆ ಚಿತ್ರ ನಿಜವಾಗಿದ್ದೂ ಮಾತು ಸುಳ್ಳಾಗುತ್ತದೆ. ‘ಬೇಸಿಗೆಯ ನರ್ತನ’ವೆಂದು ಬರೆದ ನಾವು ಮಾಡಿದ್ದೂ ಅದನ್ನೇ.

ಬಿಸಿಲು ಮತ್ತು ಮೊಟ್ಟೆ

ಟಿಟ್ಟಿಭಕ್ಕೆ ಮರವಿಲ್ಲ, ಪೊಟರೆಯಿಲ್ಲ. ನೆಲವನ್ನು ಎದೆಯಿಂದ ಒತ್ತಿ ತುಸು ತಗ್ಗು ಮಾಡಿಕೊಂಡು, ಸುತ್ತ ನಾಲ್ಕಾರು ಕಲ್ಲುಚೂರು ಸೇರಿಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗೆ ಮಣ್ಣಿನ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆ. ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ಮೆಟ್ಟುಗಾಲು ಹಕ್ಕಿ ನೀರಿನ ನಡುವಿನ ಮಣ್ಣುಗುಪ್ಪೆಯ ಮೇಲೆ ಹುಲ್ಲುಕಡ್ಡಿ ಸೇರಿಸಿ ಮೊಟ್ಟೆಯಿಡುತ್ತದೆ. ಟಿಟ್ಟಿಭದ ಮೊಟ್ಟೆ ಒಡೆದು ಮರಿ ಬರಲು ಸುಮಾರು ನಾಲ್ಕು ವಾರ ಬೇಕು. ಆ ನಾಲ್ಕು ವಾರಗಳು ಬಹುಮಟ್ಟಿಗೆ ನಮ್ಮ ಕಡುಬೇಸಿಗೆಯಲ್ಲೇ ಬರುತ್ತವೆ.

ಕಾವು ಕೊಡುವುದೆಂದರೆ ಬೆಚ್ಚಗಿಡುವುದು ಎಂದು ನಾವು ತಿಳಿದಿದ್ದೇವೆ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ತಂಪಾಗಿಡುವುದಕ್ಕೆ. ಗಾಳಿಯ ಉಷ್ಣತೆ 35 ಡಿಗ್ರಿ ಇರುವಾಗ ಬರಿನೆಲದ ಮೈ 50 ಡಿಗ್ರಿಯನ್ನೂ ದಾಟಬಲ್ಲದು. ಆ ಹೊತ್ತಿನಲ್ಲಿ ಹಕ್ಕಿ ತನ್ನ ಮೈಯನ್ನೇ ಚಪ್ಪರ ಮಾಡಿ ನಿಲ್ಲುತ್ತದೆ. ಆಗಾಗ ನೀರಿಗೆ ಹೋಗಿ ಎದೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ತಾಯ್ತಂದೆಗಳು ಎದ್ದು ಹೋದ ಕೆಲವೇ ನಿಮಿಷಗಳಲ್ಲಿ ಮೊಟ್ಟೆಯೊಳಗಿನ ಜೀವಕ್ಕೆ ಅಪಾಯ ಒದಗಬಹುದು. ನಾವು ಒಳ್ಳೆಯ ಚಿತ್ರಕ್ಕಾಗಿ ಕಾದ ಅರ್ಧ ಗಂಟೆ ಹಕ್ಕಿಯ ಪಾಲಿಗೆ ಎಂತಹುದೆಂದು ಈಗ ಊಹಿಸಬಹುದು.

ಇಂತಹ ಹೊತ್ತಿನಲ್ಲಿ ಈ ವರ್ಗದ ಹಕ್ಕಿಗಳು ತೋರುವ ನಡವಳಿಕೆಗಳು ಅದ್ಭುತವಾದುವು ಎಂಬುದು ನಿಜ. ಟಿಟ್ಟಿಭ ತಲೆಯ ಮೇಲೆಯೇ ಎರಗುತ್ತದೆ. ಪ್ಲವರ್ ಹಕ್ಕಿ ರೆಕ್ಕೆ ಮುರಿದಂತೆ ನಟಿಸುತ್ತ ನೆಲದ ಮೇಲೆ ಎಳೆದಾಡಿಕೊಂಡು ಹೋಗಿ ಶತ್ರುವನ್ನು ಗೂಡಿನಿಂದ ದೂರ ಸೆಳೆಯುತ್ತದೆ. ಇನ್ನು ಕೆಲವೊಮ್ಮೆ ಮೊಟ್ಟೆಯಿಲ್ಲದ ಜಾಗದಲ್ಲಿ ಕೂತು ಕಾವು ಕೊಡುವಂತೆ ತೋರಿಸಿಕೊಳ್ಳುತ್ತದೆ. ಛಾಯಾಗ್ರಾಹಕನಿಗೆ ಇವೆಲ್ಲ ಅಪರೂಪದ ದೃಶ್ಯಗಳು. ಆದರೆ ಈ ನಾಟಕದಲ್ಲಿ ಶತ್ರುವಿನ ಪಾತ್ರ ಯಾರದು ಎಂಬುದನ್ನು ಮರೆಯಬಾರದು. ಹಕ್ಕಿಯ ಗಲಾಟೆ ಕಾಗೆ, ನಾಯಿಗಳಿಗೂ ಸುಳಿವು ಕೊಡುತ್ತದೆ. ನಾವು ಹೊರಟ ಮೇಲೆ ಅವು ಬರುತ್ತವೆ.

ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಗಳ ಮೊಟ್ಟೆಗಳನ್ನು ಸಮುದ್ರ ಅಪಹರಿಸಿದ ಕಥೆಯಿದೆ. ಆ ಪುಟ್ಟ ಹಕ್ಕಿಯ ದೂರು ಗರುಡನ ಮೂಲಕ ವಿಷ್ಣುವಿಗೆ ಮುಟ್ಟಿ, ಸಮುದ್ರ ಹೆದರಿ ಮೊಟ್ಟೆಗಳನ್ನು ಹಿಂದಿರುಗಿಸಿತು. ನಮ್ಮ ಕೆರೆಯಂಗಳದ ಟಿಟ್ಟಿಭಕ್ಕೆ ದೂರು ಕೊಡಲು ಇರುವವರು ನಾವೇ; ಕೆಲವೊಮ್ಮೆ ದೂರಿಗೆ ಗುರಿಯಾಗಬೇಕಾದವರೂ ನಾವೇ.

ಕಾನೂನಿನ ಮಾತೂ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದಲ್ಲದೆ, ಮೊಟ್ಟೆಗಳಿಗೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕು ಹಿಡಿದವನಿಗೆ ಮಾತ್ರ ಆ ಪದ ಅನ್ವಯಿಸುತ್ತದೆಂದು ಭಾವಿಸಬೇಕಾಗಿಲ್ಲ.

ಎಮ್ಮೆಗೆ ಹೆದರದ ಹಕ್ಕಿ

ಹಾಗಾದರೆ ಚಿತ್ರ ತೆಗೆಯುವುದು ಹೇಗೆ? ಇದಕ್ಕೆ ನಮ್ಮ ಹಳ್ಳಿಗರ ಬಳಿ ಒಂದು ಉತ್ತರವಿದೆ. ದೂರದ ಇಂಗ್ಲೆಂಡಿನಲ್ಲಿ ಇನ್ನೊಂದು.

ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಸಹೋದರರು ಪಕ್ಷಿ ಛಾಯಾಚಿತ್ರಣದ ಆದ್ಯರಲ್ಲಿ ಸೇರಿದವರು. 1895ರಲ್ಲಿ ಅವರು ಛಾಯಾಚಿತ್ರಗಳಿಂದ ಕೂಡಿದ ಹಕ್ಕಿಗೂಡುಗಳ ಪುಸ್ತಕವನ್ನು ಹೊರತಂದರು. ಬಯಲಿನಲ್ಲಿ ಹಕ್ಕಿಗಳ ಹತ್ತಿರ ಹೋಗುವುದು ಹೇಗೆಂಬ ಪ್ರಶ್ನೆಗೆ 1900ರ ಸುಮಾರಿಗೆ ಅವರು ಕಂಡುಕೊಂಡ ಉಪಾಯ ವಿಚಿತ್ರವಾಗಿತ್ತು. ಎತ್ತಿನ ತೊಗಲಿನಿಂದ ಟೊಳ್ಳಾದ ಒಂದು ಎತ್ತನ್ನೇ ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾದೊಂದಿಗೆ ನಿಂತರು. ಹಕ್ಕಿಗಳು ಹೆದರುವುದು ಮನುಷ್ಯನಿಗೇ ಹೊರತು ದನಕ್ಕಲ್ಲ ಎಂಬುದನ್ನು ಅವರು ಗಮನಿಸಿದ್ದರು.

ಮಾಲೂರಿನ ಯಾವ ಕೆರೆಗೆ ಹೋದರೂ ಇದನ್ನು ಕಾಣಬಹುದು. ಎಮ್ಮೆಗಳು ಕೆಸರಿನಲ್ಲಿ ಮೇಯುತ್ತಿರುತ್ತವೆ. ಅವುಗಳ ಕಾಲುಗಳ ನಡುವೆಯೇ ಮೆಟ್ಟುಗಾಲು ಹಕ್ಕಿಗಳು ಓಡಾಡುತ್ತವೆ. ದನ ಕಾಯುವವರು ಕಲ್ಲಿನ ಮೇಲೆ ಕೂತು ಬೀಡಿ ಸೇದಿದರೂ ಅವಕ್ಕೆ ಚಿಂತೆಯಿಲ್ಲ. ಅದೇ ಹೊತ್ತಿಗೆ ಬಣ್ಣದ ಅಂಗಿ ತೊಟ್ಟವನೊಬ್ಬ ಏರಿಯಿಂದಿಳಿದು ನೇರವಾಗಿ ಹಕ್ಕಿಗಳ ಕಡೆಗೆ ನಡೆದರೆ ಇಡೀ ಹಿಂಡು ಮೇಲೇಳುತ್ತದೆ. ವ್ಯತ್ಯಾಸ ಬಹಳ ಸರಳ. ದನ ಕಾಯುವವರು ಹಕ್ಕಿಯ ಕಡೆಗೆ ಹೋಗುವುದಿಲ್ಲ. ಅವರು ಅಲ್ಲಿ ಇರುತ್ತಾರೆ. ಹಕ್ಕಿ ತಾನಾಗಿಯೇ ಅವರ ಹತ್ತಿರ ಬರುತ್ತದೆ.

ಈ ಪಾಠವೇ ಸಾಕು. ಬೆಳಗು ಹರಿಯುವ ಮೊದಲೇ ಹೋಗಿ, ಸೂರ್ಯನಿಗೆ ಬೆನ್ನುಹಾಕಿ, ಮಣ್ಣಿನ ಬಣ್ಣದ ಬಟ್ಟೆಯಲ್ಲಿ ನೆಲಕ್ಕೆ ಸಮೀಪವಾಗಿ ಕೂರಬೇಕು. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಹಕ್ಕಿಗಳು ನಿಮ್ಮನ್ನು ಒಪ್ಪಿಕೊಂಡ ಮೇಲೆ, ಆಹಾರ ಹುಡುಕುತ್ತ ಅವು ಬರುವ ದಾರಿ ತಿಳಿಯುತ್ತದೆ. ಒಂದೊಂದೇ ಚಿತ್ರಕ್ಕಿಂತ ಒಂದರ ಹಿಂದೊಂದು ತೆಗೆದ ಸರಣಿ ಹೆಚ್ಚು ಉಪಯುಕ್ತ. ಕಾಲು ನಡುಗಿಸುವುದು, ಹುಳು ಎಳೆಯುವುದು, ಸ್ನಾನ ಮಾಡುವುದು, ಒಂಟಿಕಾಲಿನಲ್ಲಿ ನಿದ್ರಿಸುವುದು, ಪಕ್ಕದ ಹಕ್ಕಿಯನ್ನು ಅಟ್ಟುವುದು ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ದೊಡ್ಡ ಲೆನ್ಸ್ ಇಲ್ಲದವರು ನಿರಾಶರಾಗಬೇಕಿಲ್ಲ. ಹಕ್ಕಿ ಚಿಕ್ಕದಾಗಿ, ಕೆರೆ ದೊಡ್ಡದಾಗಿ ಕಾಣುವ ಚಿತ್ರದಲ್ಲಿ ಹಕ್ಕಿಯ ಬದುಕು ಇನ್ನೂ ಚೆನ್ನಾಗಿ ಕಾಣುತ್ತದೆ.

ಹಕ್ಕಿಯ ಆತಂಕಕ್ಕೂ ಮೆಟ್ಟಿಲುಗಳಿವೆ. ಮೊದಲು ತಿನ್ನುವುದನ್ನು ನಿಲ್ಲಿಸಿ ಕತ್ತೆತ್ತುತ್ತದೆ. ಆಮೇಲೆ ತಲೆ ಕುಣಿಸುತ್ತ ದೂರ ನಡೆಯುತ್ತದೆ. ಮೂರನೆಯದಾಗಿ ಕೂಗುತ್ತದೆ. ಕೊನೆಗೆ ಹಾರುತ್ತದೆ. ಹಾರಿದ ಮೇಲೆ ‘ತೊಂದರೆಯಾಯಿತು’ ಎನ್ನುವುದು ತಡವಾದ ಅರಿವು. ಅದು ಕತ್ತೆತ್ತಿದ ಕ್ಷಣವೇ ನಾವು ನಿಲ್ಲಬೇಕು, ಬೇಕಾದರೆ ಹಿಂದೆ ಸರಿಯಬೇಕು. ಕೂತ ಹಕ್ಕಿ ಕೂತೇ ಇರುವಾಗ ನಾವು ಎದ್ದು ಬಂದೆವೆಂದರೆ ಆ ದಿನದ ಕೆಲಸ ಚೆನ್ನಾಯಿತೆಂದು ಅರ್ಥ.

ಹಿಂದಿನವರ ದಾರಿ, ಇಂದಿನವರ ಹೊಣೆ

ಕರ್ನಾಟಕಕ್ಕೆ ಈ ಕಲೆಯಲ್ಲಿ ಹಿರಿದಾದ ಪರಂಪರೆಯಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರ ಪಕ್ಷಿಚಿತ್ರಗಳು ದೇಶವಿದೇಶಗಳಲ್ಲಿ ಮನ್ನಣೆ ಪಡೆದವು. ಮೂಡಿಗೆರೆಯ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳನ್ನು ಗಮನಿಸುತ್ತ, ಅವುಗಳ ಬಗೆಗೆ ಕನ್ನಡದಲ್ಲಿಯೇ ಬರೆದು, 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಒಂದಿಡೀ ತಲೆಮಾರಿಗೆ ಹಕ್ಕಿ ನೋಡುವ ಹುಚ್ಚು ಹತ್ತಿಸಿದ್ದರು. ಫಿಲ್ಮ್ ರೋಲಿನಲ್ಲಿ ಮೂವತ್ತಾರೇ ಚಿತ್ರ ಸಿಗುತ್ತಿದ್ದ ಕಾಲವದು. ಒಂದೊಂದು ಬಾರಿ ಗುಂಡಿ ಒತ್ತುವ ಮುನ್ನವೂ ಯೋಚನೆ ಇರುತ್ತಿತ್ತು.

ಆ ಕಾಲದಲ್ಲಿ ಮರೆಗುಡಾರ ಹೂಡಿ ಗೂಡಿನ ಬಳಿ ಚಿತ್ರ ತೆಗೆಯುವ ಪದ್ಧತಿ ಜಗತ್ತಿನಾದ್ಯಂತ ಇತ್ತು. ಲೆನ್ಸ್‌ಗಳ ಸಾಮರ್ಥ್ಯ ಕಡಿಮೆ, ಫಿಲ್ಮಿನ ವೇಗವೂ ಕಡಿಮೆ. ಹಕ್ಕಿ ಖಚಿತವಾಗಿ ಮರಳಿ ಬರುವ ಜಾಗವೆಂದರೆ ಗೂಡು ಮಾತ್ರ. ಇಂದು ಆ ಕಾರಣಗಳು ಉಳಿದಿಲ್ಲ. ದೂರದಿಂದಲೇ, ಮುಂಜಾನೆಯ ಮಸುಕು ಬೆಳಕಿನಲ್ಲಿಯೂ ಚಿತ್ರ ತೆಗೆಯಬಲ್ಲ ಉಪಕರಣಗಳಿವೆ. ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಅನೇಕ ಸ್ಪರ್ಧೆಗಳೇ ನಿಯಮ ಮಾಡಿಕೊಂಡಿವೆ. ಹಿಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಬೇಡ. ಇಂದಿನವರು ಹಿಂದಿನ ನೆಪ ಹೇಳುವುದೂ ಬೇಡ.

ಒಂದು ಹೊಸ ಅಪಾಯವನ್ನೂ ಹೇಳಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅದನ್ನು ತೆಗೆದ ಸ್ಥಳದ ವಿವರವೂ ಅಡಗಿರಬಹುದು. ಗೂಡಿನ ಒಂದು ಚಿತ್ರ ಹಂಚಿಕೆಯಾದರೆ ಮರುದಿನ ಹತ್ತು ಜನ ಅಲ್ಲಿಗೆ ಬರುತ್ತಾರೆ. ಈ ಬರಹದಲ್ಲಿ ನಾವು ಆ ಕೆರೆಯ ಹೆಸರು ಹೇಳದಿರುವುದಕ್ಕೂ ಇದೇ ಕಾರಣ.

ಚಿತ್ರವೆಂಬ ಸಾಕ್ಷ್ಯ

ಇಷ್ಟೆಲ್ಲ ಎಚ್ಚರಿಕೆಯಿಂದ ತೆಗೆದ ಚಿತ್ರದಿಂದ ಏನು ಪ್ರಯೋಜನ? ಅಂದದ ಆಚೆಗೆ ಅದಕ್ಕೊಂದು ಕೆಲಸವಿದೆ ಎಂದು ನಾವು ನಂಬಿದ್ದೇವೆ.

ನಮ್ಮ ಕೆರೆಗಳು ಬಹು ಬೇಗ ಬದಲಾಗುತ್ತಿವೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಸೇರಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವ ಯೋಜನೆ ಅದು. ಬತ್ತಿದ ಕೊಳವೆಬಾವಿಗಳ ಸೀಮೆಯಲ್ಲಿ ನೀರನ್ನು ಕಂಡು ಹಿಗ್ಗಿದವರಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದೆಂದು ನ್ಯಾಯಾಲಯದ ಬಾಗಿಲು ತಟ್ಟಿದವರೂ ಇದ್ದಾರೆ. ಇತ್ತ ಗೋಡುಮಣ್ಣು ಇಟ್ಟಿಗೆ ಗೂಡುಗಳಿಗೆ ಹೋಗುತ್ತದೆ. ಅಗೆದ ಹೊಂಡಗಳು ಉಳಿಯುತ್ತವೆ. ಮಾಲೂರಿನ ಇಟ್ಟಿಗೆ, ಹೆಂಚುಗಳಿಂದ ಅನೇಕರ ಮನೆಗಳು ಎದ್ದಿವೆ, ಅನೇಕರ ಹೊಟ್ಟೆ ತುಂಬಿದೆ ಎಂಬುದನ್ನು ನಾವು ಮರೆತಿಲ್ಲ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಅಂಚನ್ನು ಕಡಿದಾಗಿ ಕೊರೆದು, ಬಟ್ಟಲಿನಂತೆ ಆಳ ಮಾಡುವ ಪದ್ಧತಿಯೂ ಬೆಳೆದಿದೆ.

ಈ ಎಲ್ಲ ಬದಲಾವಣೆಗಳಲ್ಲಿ ಯಾರ ಗಮನಕ್ಕೂ ಬಾರದೆ ಮಾಯವಾಗುವುದು ಆ ಕೆಸರಿನ ಅಂಚು. ವರ್ಷವಿಡೀ ತುಂಬಿದ ಕೆರೆಯಲ್ಲಿ ಅಂಚು ಮೇಲೇಳುವುದಿಲ್ಲ. ಕಡಿದಾದ ದಂಡೆಯಲ್ಲಿ ಗೊರವಕ್ಕೆ ಕಾಲೂರಲು ಜಾಗವಿಲ್ಲ. ನೀರು ತುಂಬಿದ ಕೆರೆಯನ್ನು ಕಂಡು ನಾವು ‘ಜೀವ ಬಂತು’ ಎನ್ನುತ್ತೇವೆ. ಯಾವ ಜೀವ ಬಂತು, ಯಾವುದು ಹೋಯಿತು ಎಂಬುದನ್ನು ಹೇಳಬಲ್ಲವರು ಆ ಕೆರೆಯನ್ನು ಪ್ರತಿ ತಿಂಗಳೂ ನೋಡಿದವರು ಮಾತ್ರ.

ಹಕ್ಕಿಗಳ ಸ್ಥಿತಿಯೂ ಹಿತಕರವಾಗಿಲ್ಲ. ದೇಶದ ಸಾವಿರಾರು ಪಕ್ಷಿವೀಕ್ಷಕರ ದಾಖಲೆಗಳಿಂದ 2023ರಲ್ಲಿ ಸಿದ್ಧವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ದೂರದೇಶಗಳಿಂದ ವಲಸೆ ಬರುವ ಹಕ್ಕಿಗಳ ಇಳಿಕೆ ತೀವ್ರವಾಗಿದೆ. 2024ರಲ್ಲಿ ಪರಿಷ್ಕೃತವಾದ ಜಾಗತಿಕ ಕೆಂಪು ಪಟ್ಟಿಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲವರ್ ಸೇರಿದಂತೆ ತೀರದ ಹಲವು ಹಕ್ಕಿಗಳು ಮೊದಲಿಗಿಂತ ಹೆಚ್ಚಿನ ಅಪಾಯದ ವರ್ಗಕ್ಕೆ ಸರಿದವು. ಆ ವರದಿಗೆ ಆಧಾರವಾದ ದಾಖಲೆಗಳು ನಮ್ಮನಿಮ್ಮಂಥವರು ಒಂದು ಬೆಳಗ್ಗೆ ಒಂದು ಕೆರೆಯ ಬಳಿ ಬರೆದಿಟ್ಟವು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆದುಬಂದಿರುವುದೂ ಇಂತಹ ಸ್ವಯಂಸೇವಕರ ಬಲದಿಂದಲೇ.

ದಿನಾಂಕ, ಹೊತ್ತು, ಕೆರೆಯ ನೀರಿನ ಮಟ್ಟ, ಹಕ್ಕಿ ಏನು ಮಾಡುತ್ತಿತ್ತು ಎಂಬ ನಾಲ್ಕು ಸಾಲುಗಳೊಂದಿಗೆ ಇಟ್ಟ ಚಿತ್ರ ಆದ್ದರಿಂದ ಒಂದು ಸಾಕ್ಷ್ಯ. ಐದು ವರ್ಷ ಒಂದೇ ಜಾಗದಿಂದ ತೆಗೆದ ಅಂತಹ ಚಿತ್ರಗಳಿದ್ದರೆ, ಹೂಳೆತ್ತುವ ಯಂತ್ರ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ‘ಈ ಬದಿಯ ಇಳಿಜಾರನ್ನು ಹೀಗೆಯೇ ಬಿಡಿ, ಇಲ್ಲಿ ಇಂಥ ಹಕ್ಕಿಗಳು ಇಂಥ ತಿಂಗಳಲ್ಲಿ ಮೇಯುತ್ತವೆ’ ಎಂದು ಹೇಳಬಹುದು. ಬರಿಯ ಅಭಿಪ್ರಾಯವನ್ನು ತಳ್ಳಿಹಾಕಿದಷ್ಟು ಸುಲಭವಾಗಿ ಇದನ್ನು ತಳ್ಳಿಹಾಕಲಾಗದು. ಊರಿನವರೇ ಹಕ್ಕಿಗಳ ಪರ ನಿಂತಾಗ ಏನಾಗಬಹುದೆಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಮ್ಮ ಕಣ್ಣೆದುರಿಗಿದೆ. ಮನೆಯ ಮುಂದಿನ ಮರಗಳಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳನ್ನು ತಲೆಮಾರುಗಳಿಂದ ಸಹಿಸಿ ಸಲಹಿದ ಆ ಹಳ್ಳಿಯನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ನಮ್ಮ ತೀರ್ಮಾನ

ಈ ಎಲ್ಲವನ್ನೂ ಚರ್ಚಿಸಿ ಬಳಗ ಕೈಗೊಂಡ ತೀರ್ಮಾನಗಳನ್ನು ಓದುಗರ ಮುಂದಿಡುತ್ತಿದ್ದೇವೆ. ಇನ್ನು ಮುಂದೆ ಗೂಡು, ಮೊಟ್ಟೆ, ಮೊಟ್ಟೆಯ ಮೇಲೆ ಕೂತ ಹಕ್ಕಿ, ಆಗತಾನೇ ಹುಟ್ಟಿದ ಮರಿಗಳ ಚಿತ್ರಗಳನ್ನು ಈ ಪತ್ರಿಕೆ ಪ್ರಕಟಿಸುವುದಿಲ್ಲ. ಕಲ್ಲೆಸೆದು, ಓಡಿಸಿ, ಹಕ್ಕಿಯ ಕೂಗನ್ನು ಯಂತ್ರದಿಂದ ನುಡಿಸಿ, ಡ್ರೋನ್ ಹಾರಿಸಿ ತೆಗೆದ ಚಿತ್ರಗಳಿಗೂ ಇಲ್ಲಿ ಜಾಗವಿಲ್ಲ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಕೆರೆಯಂಗಳದೊಳಕ್ಕೆ ಇಳಿಯದೆ ಏರಿಯ ಮೇಲಿನಿಂದಷ್ಟೇ ನೋಡಬೇಕೆಂದು ನಮ್ಮ ಸದಸ್ಯರು ಒಪ್ಪಿದ್ದಾರೆ. ಕಾಣದೆ ಗೂಡಿನ ಹತ್ತಿರ ಹೋಗಿಬಿಟ್ಟರೆ, ಚಿತ್ರ ತೆಗೆಯದೆ, ಬಂದ ದಾರಿಯಲ್ಲೇ ಕೂಡಲೇ ಹಿಂತಿರುಗಬೇಕು. ಚಿತ್ರ ಕಳುಹಿಸುವವರು ಅದನ್ನು ಹೇಗೆ, ಎಷ್ಟು ದೂರದಿಂದ ತೆಗೆದರು, ಹಕ್ಕಿ ಆ ಬಳಿಕ ಏನು ಮಾಡಿತು ಎಂಬುದನ್ನೂ ಬರೆದು ಕಳುಹಿಸಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮೂರಿನ ಒಂದು ಕೆರೆಯನ್ನು, ಅದರ ಏರಿಯ ಮೇಲಿನ ಒಂದು ಕಲ್ಲನ್ನು ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಕಲ್ಲಿನ ಮೇಲೆ ಕೂತು ಒಂದು ಗಂಟೆ ನೋಡಿ, ಬರೆದಿಡಿ, ಸಾಧ್ಯವಾದರೆ ಚಿತ್ರ ತೆಗೆಯಿರಿ. ಕ್ಯಾಮೆರಾ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಹಳ್ಳಿಯ ಹಿರಿಯರಲ್ಲಿಯೂ ಒಂದು ಮನವಿ. ಕೆರೆಗೆ ಬಂದ ಹುಡುಗರನ್ನು ಕರೆದು ಮಾತನಾಡಿಸಿ. ಯಾವ ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ಎತ್ತ ಹೋಗಬಾರದು ಎಂಬುದು ನಿಮಗೆ ತಿಳಿದಷ್ಟು ಯಾವ ಪುಸ್ತಕಕ್ಕೂ ತಿಳಿದಿಲ್ಲ.

ಈ ಸಂಚಿಕೆಯ ಮುಖಪುಟದಲ್ಲಿ ಮತ್ತೆ ಅದೇ ಕೆರೆಯ ಚಿತ್ರವಿದೆ. ಜನವರಿಯ ಬೆಳಗ್ಗೆ ಏರಿಯ ಮೇಲೆ ಕೂತು ಪದವಿ ವಿದ್ಯಾರ್ಥಿನಿಯೊಬ್ಬಳು ತೆಗೆದದ್ದು. ಮೂರು ಎಮ್ಮೆಗಳು, ಅವುಗಳ ನಡುವೆ ಏಳು ಮೆಟ್ಟುಗಾಲು ಹಕ್ಕಿಗಳು. ಯಾವ ಹಕ್ಕಿಯೂ ಕ್ಯಾಮೆರಾ ಕಡೆಗೆ ನೋಡುತ್ತಿಲ್ಲ. ಅಚ್ಚಿಗೆ ಕಳುಹಿಸುವ ಮುನ್ನ ಅದನ್ನು ಆ ಹಿರಿಯರಿಗೆ ತೋರಿಸಿದೆವು. ಅವರು ಈ ಬಾರಿಯೂ ಬಹಳ ಹೊತ್ತು ನೋಡಿದರು. ಎಮ್ಮೆಗಳು ಯಾರ ಮನೆಯವೆಂದು ಹೇಳಿದರು. ಹಕ್ಕಿಗಳ ಬಗ್ಗೆ, “ಮೇಯ್ತಾ ಅವೆ” ಎಂದಷ್ಟೇ ಹೇಳಿದರು. ಅಡಿಬರಹವಾಗಿ ಆ ಮಾತನ್ನೇ ಬಳಸಿದ್ದೇವೆ.

— ಸಂಪಾದಕ ಮಂಡಳಿ